ಕೈಕೆಲಸ ಕಲಿಸುವವರಿಗೆ ಕಲಿಸುವುದನ್ನು ಯಾರು ಹೇಳಿಕೊಡುತ್ತಾರೆ?

ಹೊಸಹಲಗೆ

ಈ ಚರ್ಚಾವೇದಿಕೆಯ ಎಲ್ಲರಿಗೂ ನಮಸ್ಕಾರ. ನಾನು ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಹದಿನಾಲ್ಕು ವರ್ಷ ಆಯಿತು. ಈಗ ಸಂಶೋಧನೆಗೂ ಸೇರಿದ್ದೇನೆ. ಶಾಲೆಯಲ್ಲಿ ವೃತ್ತಿ ಕಲಿಕೆ, ಅದನ್ನು ಕಲಿಸುವವರ ತರಬೇತಿ, ಇದು ನನ್ನ ವಿಷಯ. ಓದಿದ್ದು ತುಂಬಾ ಇದೆ. ಆದರೆ ತಲೆಯಲ್ಲಿ ಕೂತುಬಿಟ್ಟಿರುವುದು ಒಂದು ದಿನ ಕಣ್ಣಾರೆ ಕಂಡದ್ದು. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಪ್ರಶಿಕ್ಷಣಾರ್ಥಿಗಳ ಇಂಟರ್ನ್‌ಶಿಪ್ ನೋಡಲು ಒಂದು ಹೈಸ್ಕೂಲಿಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿಗೆ ಆಟೊಮೊಬೈಲ್ ಪೀರಿಯಡ್. ಮೂಲೆಯಲ್ಲಿ ಹಳೇ ಬೈಕಿನ ಎಂಜಿನ್ ಒಂದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದರು. ಬೋರ್ಡಿನ ಮೇಲೆ ನೋಟ್ಸ್. ಮಕ್ಕಳು ಬರೆದುಕೊಳ್ಳುತ್ತಿದ್ದರು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದುಹೋಗಿ ಬಟ್ಟೆ ಸರಿಸಿದ. ಪಕ್ಕದಲ್ಲಿದ್ದ ಸ್ಪಾರ್ಕ್ ಪ್ಲಗ್ ಎತ್ತಿ ಬೆಳಕಿಗೆ ಹಿಡಿದ. "ಇದು ಮಸಿ ಹಿಡಿದದೆ, ಪೆಟ್ರೋಲ್ ಜಾಸ್ತಿ ಕುಡೀತಿತ್ತು ಗಾಡಿ" ಅಂದ. ಅವನ ಮಾವನದು ಗ್ಯಾರೇಜ್ ಅಂತೆ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಚೆನ್ನಾಗಿದೆ ಅಂತ, ಬೆಳ್ಳಗಾಗಿದ್ದರೆ ಜಾಸ್ತಿ ಕಾಯುತ್ತಿದೆ ಅಂತ, ಕಪ್ಪಾಗಿದ್ದರೆ ಹೀಗೆ. ಅವನು ಹೇಳಿದ್ದು ಪೂರ್ತಿ ಸರಿ. ಪಾಠ ನೋಡುತ್ತಿದ್ದ ನಮ್ಮ ಹುಡುಗಿ ತನ್ನ ಅವಲೋಕನ ಹಾಳೆಯಲ್ಲಿ ಏನು ಬರೆದಳು ಗೊತ್ತಾ? "ವಿದ್ಯಾರ್ಥಿ ಅನುಮತಿ ಇಲ್ಲದೆ ಎದ್ದ. ತರಗತಿ ನಿರ್ವಹಣೆ ಸಡಿಲ."

ಅವಳದ್ದು ತಪ್ಪಲ್ಲ. ಆ ಹಾಳೆ ಮಾಡಿಕೊಟ್ಟಿದ್ದು ನಾವೇ. ಅದರಲ್ಲಿ ಮಗುವಿನ ಕೈಗೆ ಏನು ಗೊತ್ತು ಅಂತ ಬರೆಯಲು ಕಾಲಂ ಇರಲಿಲ್ಲ.

ಡ್ಯಾನ್ ಲಾರ್ಟಿ ಎಂಬ ಸಮಾಜಶಾಸ್ತ್ರಜ್ಞ 1975ರಲ್ಲೇ ಒಂದು ಮಾತು ಹೇಳಿದ್ದರು. ಅಮೆರಿಕದಲ್ಲಿ ಒಬ್ಬರು ಹೈಸ್ಕೂಲ್ ಮುಗಿಸುವಷ್ಟರಲ್ಲಿ ಸುಮಾರು 13,000 ಗಂಟೆ ಟೀಚರುಗಳನ್ನು ನೋಡಿರುತ್ತಾರೆ. ಟೀಚರ್ ಆಗಲು ಬರುವ ಹೊತ್ತಿಗೆ "ಪಾಠ ಅಂದರೆ ಇದು" ಅನ್ನುವುದು ಆಗಲೇ ಮನಸ್ಸಿನಲ್ಲಿ ಗಟ್ಟಿಯಾಗಿರುತ್ತದೆ. ಎರಡು ವರ್ಷದ ಬಿ.ಎಡ್.ನಲ್ಲಿ ಅದನ್ನು ಅಲುಗಾಡಿಸುವುದು ಸುಲಭ ಅಲ್ಲ. ನಮ್ಮ ಮಕ್ಕಳು ಆ ಸಾವಿರಾರು ಗಂಟೆಗಳಲ್ಲಿ ಮೇಷ್ಟ್ರು ಉಳಿ ಹಿಡಿದದ್ದನ್ನಾಗಲಿ, ಸೂಜಿಗೆ ದಾರ ಪೋಣಿಸಿದ್ದನ್ನಾಗಲಿ ಎಷ್ಟು ಸಲ ನೋಡಿರುತ್ತಾರೆ?

ಹೇಳಿದ ಗುರಿಗಳಿಗೇನೂ ಕೊರತೆ ಇಲ್ಲ. 1986ರ ಶಿಕ್ಷಣ ನೀತಿ ಹೈಯರ್ ಸೆಕೆಂಡರಿ ಮಕ್ಕಳಲ್ಲಿ 1990ಕ್ಕೆ ಶೇ 10, 1995ಕ್ಕೆ ಶೇ 25 ಮಂದಿ ವೃತ್ತಿ ಕೋರ್ಸಿಗೆ ಬರಬೇಕು ಅಂದಿತ್ತು. ಅದರ ಹತ್ತಿರಕ್ಕೂ ಹೋಗಲಿಲ್ಲ. 2020ರ ನೀತಿ 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ಮಕ್ಕಳಿಗೆ ವೃತ್ತಿಯ ಪರಿಚಯ ಆಗಬೇಕು, 6ರಿಂದ 8ನೇ ಕ್ಲಾಸಿನ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಬಂದು ಬಡಗಿ, ಕುಂಬಾರ, ತೋಟದವರ ಹತ್ತಿರ ಕಲಿಯಬೇಕು ಅಂದಿತು. ಇಷ್ಟೆಲ್ಲ ಹೇಳುವಾಗ ಕಲಿಸುವವರು ಎಲ್ಲಿಂದ ಬರುತ್ತಾರೆ ಅನ್ನುವುದಕ್ಕೆ ಪ್ರತಿ ಸಲವೂ ಒಂದೆರಡು ಸಾಲು, ಅಷ್ಟೇ.

ಕೆಲಸ ಗೊತ್ತಿದ್ದವರಿಗೆ ಕಲಿಸುವುದು ಗೊತ್ತಿಲ್ಲ. ಕಲಿಸುವುದು ಗೊತ್ತಿದ್ದವರಿಗೆ ಕೆಲಸ ಗೊತ್ತಿಲ್ಲ. ಈ ಎರಡು ಕಡೆಯವರೂ ಇಲ್ಲಿ ಇದ್ದೀರಿ ಅಂತ ಗೊತ್ತು. ನಿಮ್ಮ ಅನುಭವ ಬೇಕು.

ಅರ_ಮತ್ತು_ವೈಸ್

ಮೇಡಂ, ನಾನು ಮೊದಲನೇ ಕಡೆಯವನು. ಐಟಿಐನಲ್ಲಿ ಫಿಟ್ಟರ್ ಟ್ರೇಡಿನ ಇನ್‌ಸ್ಟ್ರಕ್ಟರ್. ಅದಕ್ಕೂ ಮೊದಲು ಏಳು ವರ್ಷ ಕಾರ್ಖಾನೆಯಲ್ಲಿದ್ದೆ.

ಫಿಟ್ಟರ್ ಹುಡುಗರಿಗೆ ಶುರುವಿನ ಕೆಲಸ ಫೈಲಿಂಗ್. ಒಂದು ಮೈಲ್ಡ್ ಸ್ಟೀಲ್ ತುಂಡನ್ನು ವೈಸಿಗೆ ಕಚ್ಚಿಸಿ, ಅರದಿಂದ ಉಜ್ಜಿ ಉಜ್ಜಿ ಮಟ್ಟ ಮಾಡಬೇಕು, ಮೂಲೆ 90 ಡಿಗ್ರಿಗೆ ತರಬೇಕು. ನೋಡಲು ಏನೂ ಇಲ್ಲ ಅನಿಸುತ್ತದೆ. ವಾರಗಟ್ಟಲೆ ಹಿಡಿಯುತ್ತದೆ. ಹೊಸಬರು ಉಜ್ಜಿದ ತುಂಡು ಯಾವಾಗಲೂ ನಡುವೆ ಉಬ್ಬಿಕೊಂಡು ಎರಡೂ ಅಂಚಿನಲ್ಲಿ ಇಳಿದಿರುತ್ತದೆ. ಮೂಲೆ ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಹಿಡಿದರೆ ಅಂಚಿನ ಕೆಳಗಿಂದ ಬೆಳಕು ಇಣುಕುತ್ತದೆ. ನನ್ನ ಮೇಷ್ಟ್ರು ಆ ಬೆಳಕು ನೋಡಿ "ಆಗಿಲ್ಲ, ಮತ್ತೆ ಉಜ್ಜು" ಅನ್ನುತ್ತಿದ್ದರು. ನಾನೂ ಮೇಷ್ಟ್ರಾದ ಮೇಲೆ ಎರಡು ವರ್ಷ ಅದನ್ನೇ ಹೇಳಿದೆ. ಬೇರೆ ಏನು ಹೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಹುಡುಗರು ಬೇಜಾರಾಗಿ ಬಿಟ್ಟುಹೋಗುತ್ತಿದ್ದರು.

ಆಮೇಲೆ ಇನ್‌ಸ್ಟ್ರಕ್ಟರುಗಳಿಗೆ ಇರುವ ಒಂದು ವರ್ಷದ ತರಬೇತಿಗೆ ಹೋದೆ. ಸಿಐಟಿಎಸ್ ಅನ್ನುತ್ತೇವೆ. ಅದರಲ್ಲಿ ಟ್ರೇಡಿನ ಜೊತೆಗೆ ಕಲಿಸುವ ವಿಧಾನಕ್ಕೂ ಪೇಪರ್ ಇದೆ. ಒಂದು ದಿನ ನಮ್ಮ ಸರ್, ಅರ ಹಿಡಿದೇ ಗೊತ್ತಿಲ್ಲದ ಬೇರೆ ಟ್ರೇಡಿನ ಹೆಣ್ಣುಮಗಳೊಬ್ಬಳಿಗೆ ಫೈಲಿಂಗ್ ಹೇಳಿಕೊಡು ಅಂದರು. ಕೈ ಮುಟ್ಟಿ ತೋರಿಸಬಾರದು, ಬಾಯಲ್ಲೇ ಹೇಳಬೇಕು. ನಾನು ಒದ್ದಾಡಿಹೋದೆ. ನಾನೇ ನಿಧಾನಕ್ಕೆ ಉಜ್ಜಿಕೊಂಡು ನನ್ನ ಕೈಯನ್ನೇ ನೋಡಿದಾಗ ಗೊತ್ತಾಯಿತು. ಅರ ಮುಂದಕ್ಕೆ ಹೊರಡುವಾಗ ನನ್ನ ಎಡಗೈ ತುದಿಯನ್ನು ಜಾಸ್ತಿ ಒತ್ತುತ್ತದೆ. ನಡುವೆ ಬಂದಾಗ ಎರಡೂ ಕೈ ಸಮ. ಕೊನೆಗೆ ಎಡಗೈ ಸಡಿಲ, ಬಲಗೈ ಭಾರ. ಹಿಂದಕ್ಕೆ ತರುವಾಗ ಒತ್ತುವುದೇ ಇಲ್ಲ. ಹನ್ನೆರಡು ವರ್ಷದಿಂದ ಮಾಡುತ್ತಿದ್ದೆ, ಹಾಗೆ ಮಾಡುತ್ತೇನೆ ಅಂತಲೇ ತಿಳಿದಿರಲಿಲ್ಲ. ಹೊಸ ಹುಡುಗ ಎರಡೂ ಕೈಯನ್ನು ಒಂದೇ ಸಮ ಒತ್ತುತ್ತಾನೆ, ಅದಕ್ಕೇ ಅರ ತೂಗಾಡಿ ಅಂಚು ಇಳಿಯುತ್ತದೆ.

ಈಗ "ಮತ್ತೆ ಉಜ್ಜು" ಅನ್ನುವುದಿಲ್ಲ. "ಕೊನೆಗೆ ಬರುವಾಗ ಎಡಗೈ ಬಿಡು" ಅನ್ನುತ್ತೇನೆ. ಅಷ್ಟೇ ವ್ಯತ್ಯಾಸ. ಬಿಟ್ಟುಹೋಗುವ ಹುಡುಗರು ಕಮ್ಮಿಯಾದರು.

ಅಡಿಟಿಪ್ಪಣಿ

ಸರ್, ನೀವು ಬರೆದದ್ದನ್ನು ಮೂರು ಸಲ ಓದಿದೆ. ತತ್ವಜ್ಞಾನಿ ಮೈಕೆಲ್ ಪೊಲಾನಿ ಹೇಳಿದ್ದು ಇದನ್ನೇ. ಮನುಷ್ಯನಿಗೆ ಬಾಯಲ್ಲಿ ಹೇಳಲು ಬರುವುದಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ಇನ್ನೊಬ್ಬರು ಶಿಕ್ಷಣ ಸಂಶೋಧಕ ಲೀ ಶುಲ್ಮನ್. 1986ರಲ್ಲಿ ಅವರು ಎತ್ತಿದ ಪ್ರಶ್ನೆ: ವಿಷಯ ಗೊತ್ತಿರುವುದು ಒಂದು, ಪಾಠ ಮಾಡುವ ಸಾಮಾನ್ಯ ವಿಧಾನ ಗೊತ್ತಿರುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದು ಇದೆಯಲ್ಲ, ಈ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಆಗ ಏನು ಹೇಳಿದರೆ ಎದ್ದುಕೊಳ್ಳುತ್ತಾರೆ ಅನ್ನುವ ತಿಳಿವಳಿಕೆ, ಅದನ್ನು ಟೀಚರ್ ತರಬೇತಿ ಬಿಟ್ಟೇಬಿಟ್ಟಿದೆ ಅಂದರು. ನಿಮ್ಮ "ಎಡಗೈ ಬಿಡು" ಆ ಮೂರನೆಯದು. ಗಣಿತ, ವಿಜ್ಞಾನದ ಬಗ್ಗೆ ಆ ತರಹದ ಅಧ್ಯಯನ ರಾಶಿ ಇದೆ. ಫೈಲಿಂಗ್, ಹೊಲಿಗೆ, ಕಸಿ ಕಟ್ಟುವುದು, ಇವುಗಳ ಬಗ್ಗೆ ಕನ್ನಡದಲ್ಲಿ ನನ್ನ ಕೈಗೆ ಏನೂ ಸಿಕ್ಕಿಲ್ಲ. ದಯವಿಟ್ಟು ಇದನ್ನು ಬರೆದಿಡಿ.

ಎರಡನೇ_ಬೆಂಚ್

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ನಾನೂ ಪ್ರೈಮರಿ ಟೀಚರ್. ನಮ್ಮಪ್ಪ ಚಪ್ಪಲಿ ಹೊಲಿಯುತ್ತಿದ್ದರು. ಆ ಉಳಿ, ಆರೆ ನನ್ನ ಕೈಗೆ ಬರಬಾರದು ಅಂತ ನನ್ನನ್ನು ಶಾಲೆಗೆ ಕಳಿಸಿದರು. ಈಗ ಶಾಲೆಯೇ "ಬಾ, ಕೈಕೆಲಸ ಕಲಿ" ಅಂದರೆ ನಮ್ಮ ಮನೆಯಲ್ಲಿ ಅದು ಚೆಂದದ ಮಾತಾಗಿ ಕೇಳುವುದಿಲ್ಲ.

1953ರಲ್ಲಿ ರಾಜಾಜಿ ಮದ್ರಾಸ್ ರಾಜ್ಯದಲ್ಲಿ ತಂದ ಯೋಜನೆ ನೆನಪಿಸಿಕೊಳ್ಳಿ. ಹಳ್ಳಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು. ಆಗ ದಕ್ಷಿಣ ಕನ್ನಡವೂ ಮದ್ರಾಸಿನಲ್ಲೇ ಇತ್ತು. ಜನ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದರು, ದೊಡ್ಡ ಹೋರಾಟ ಆಯಿತು, ಮುಂದಿನ ವರ್ಷವೇ ಕೈಬಿಟ್ಟರು. ಕೆಲಸ ಕಲಿಸುವುದು ಕೆಟ್ಟದ್ದು ಅಂತ ಯಾರೂ ಹೋರಾಡಲಿಲ್ಲ. ಯಾರ ಮಗುವಿಗೆ ಯಾವ ಕೆಲಸ ಅಂತ ಹುಟ್ಟಿನಿಂದಲೇ ಗೆರೆ ಎಳೆದದ್ದಕ್ಕೆ ಹೋರಾಡಿದರು.

ಸಿಟಿಯ ದೊಡ್ಡ ಫೀಸಿನ ಶಾಲೆಯಲ್ಲಿ ಕುಂಬಾರಿಕೆ ಮಾಡಿಸಿದರೆ ಅದು ಕಲೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಮಾಡಿಸಿದರೆ ಅದು ಉದ್ಯೋಗದ ತಯಾರಿ. ಈ ಎರಡು ಹೆಸರು ಯಾಕೆ ಅಂತ ಸಂಶೋಧನೆ ಮಾಡುವವರು ಕೇಳಲೇಬೇಕು.

ಹೊಸಹಲಗೆ

ನೀವು ಹೇಳಿದ್ದು ನೋವಿನ ಮಾತು, ಪೂರ್ತಿ ಒಪ್ಪುತ್ತೇನೆ. 1965ರಲ್ಲಿ ಫಿಲಿಪ್ ಫಾಸ್ಟರ್ ಎಂಬ ಸಂಶೋಧಕ ಘಾನಾ ದೇಶದ ಶಾಲೆಗಳ ಬಗ್ಗೆ ಬರೆದದ್ದು ನಿಮ್ಮ ಮಾತಿಗೆ ಹತ್ತಿರ. ಅಲ್ಲಿ ಸರ್ಕಾರ ಬೇಸಾಯದ ಶಿಕ್ಷಣ ಕೊಡುತ್ತೇನೆ ಅಂದರೂ ಜನ ಅಕ್ಷರದ ಶಾಲೆಯನ್ನೇ ಕೇಳಿದರು. ಜನರಿಗೆ ತಿಳಿವಳಿಕೆ ಇಲ್ಲ ಅಂತ ಅಧಿಕಾರಿಗಳು ಅಂದುಕೊಂಡಿದ್ದರು. ಫಾಸ್ಟರ್ ಜನರ ಲೆಕ್ಕಾಚಾರವೇ ಸರಿ ಅಂದರು. ಸಂಬಳ, ಮರ್ಯಾದೆ ಎರಡೂ ಆಫೀಸಿನ ಕುರ್ಚಿಯಲ್ಲಿ ಇರುವಾಗ ಅಕ್ಷರದ ಶಾಲೆಯೇ ನಿಜವಾದ ಉದ್ಯೋಗ ಶಿಕ್ಷಣ. ಪಠ್ಯ ಬದಲಾಯಿಸಿದ ಮಾತ್ರಕ್ಕೆ ಇದು ಬದಲಾಗುವುದಿಲ್ಲ.

ಆದರೂ ಕೆಲಸವನ್ನು ಎಲ್ಲ ಮಕ್ಕಳಿಗೂ ಕಲಿಸಿದರೆ? ವಕೀಲರ ಮಗಳು ವೈಸಿನ ಮುಂದೆ, ಫಿಟ್ಟರ್ ಮಗ ಪ್ರಯೋಗಶಾಲೆಯಲ್ಲಿ. ಗೆರೆ ಎಳೆಯುವುದಕ್ಕೂ ಅಳಿಸುವುದಕ್ಕೂ ಅದೇ ಅರ ಬಳಕೆಗೆ ಬರಬಹುದು ಅಂತ ನನ್ನ ಆಸೆ.

ತಕಲಿ_ಮೇಷ್ಟ್ರು

ನಾನು 1971ರಲ್ಲಿ ಕೆಲಸಕ್ಕೆ ಸೇರಿದ ಕ್ರಾಫ್ಟ್ ಮೇಷ್ಟ್ರು. ನೇಯ್ಗೆ ನನ್ನದು. ರಿಟೈರ್ ಆಗಿ ಬಹಳ ಕಾಲ ಆಯಿತು. ಮೊಮ್ಮಗಳು ಇದನ್ನು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಟೈಪ್ ಮಾಡುತ್ತಿದ್ದಾಳೆ.

ಈ ಪ್ರಶ್ನೆ ಹೊಸದಲ್ಲ ತಾಯಿ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ, ಕಸುಬಿನ ಮೂಲಕವೇ ಪಾಠ ಕಲಿಸುವ ಬಗ್ಗೆ ಸಭೆ ಸೇರಿಸಿದರು. ಝಾಕಿರ್ ಹುಸೇನ್ ಸಮಿತಿ ಪಠ್ಯ ಮಾಡಿತು. ಐದೂವರೆ ಗಂಟೆ ಶಾಲೆಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕಸುಬಿಗೆ. ನೂಲುತ್ತಾ ಲೆಕ್ಕ, ನೂಲುತ್ತಾ ಭೂಗೋಳ. ಹತ್ತಿ ಎಲ್ಲಿ ಬೆಳೆಯುತ್ತದೆ, ಯಾಕೆ ಅಲ್ಲೇ ಬೆಳೆಯುತ್ತದೆ, ಒಂದು ಲಡಿಗೆ ಎಷ್ಟು ಗಜ, ಮಿಲ್ಲಿನ ಬಟ್ಟೆ ಎಲ್ಲಿಂದ ಬಂತು. ಯೋಚನೆ ಬಹಳ ದೊಡ್ಡದು.

ನಾನು ಹುಡುಗನಾಗಿದ್ದಾಗ ನಮ್ಮ ಶಾಲೆಯಲ್ಲೂ ತಕಲಿ ಇತ್ತು, ಕೈಯಲ್ಲೇ ತಿರುವಿ ನೂಲು ತೆಗೆಯುವ ಸಣ್ಣ ಕದಿರು. ಹಂಜಿ, ಅಂದರೆ ಹತ್ತಿಯ ಸುರುಳಿ, ಎಡಗೈಯಲ್ಲಿ, ತಕಲಿ ತೊಡೆಯ ಮೇಲೆ ತಿರುವಿ ಬಿಡಬೇಕು. ಹಂಜಿ ಬಿಗಿ ಹಿಡಿದರೆ ಎಳೆ ಕಡಿಯುತ್ತದೆ, ಸಡಿಲ ಬಿಟ್ಟರೆ ಗಂಟುಗಂಟಾಗಿ ಬರುತ್ತದೆ. ಆದರೆ ನಮ್ಮ ಮೇಷ್ಟ್ರು ಹತ್ತಿಯ ಭೂಗೋಳ ಹೇಳಲಿಲ್ಲ, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ಬಂದಾಗ ಎಷ್ಟು ಲಡಿ ಆಯಿತು ಅಂತ ಎಣಿಸುತ್ತಿದ್ದರು. ಎಣಿಕೆ ಉಳಿಯಿತು, ಪಾಠ ಹೋಯಿತು.

1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಬಂದ ಮೇಲೆ ಹೆಸರು ಎಸ್‌ಯುಪಿಡಬ್ಲ್ಯು, ಅಂದರೆ ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ, ಅಂತ ಆಯಿತು. ನಾನು ಮಗ್ಗ ಹಾಕಿಸುತ್ತಿದ್ದ ಕೋಣೆ ಉಗ್ರಾಣ ಆಯಿತು. ಪರೀಕ್ಷೆ ಹತ್ತಿರ ಬಂದಾಗ ನನ್ನ ಪೀರಿಯಡ್ಡನ್ನು ಗಣಿತದವರು ಕೇಳಿ ತೆಗೆದುಕೊಳ್ಳುತ್ತಿದ್ದರು. ನಾನು ಕೊಡುತ್ತಿದ್ದೆ. ಕೊಡಬಾರದಿತ್ತು. ನೇಯ್ಗೆಯಲ್ಲೇ ಗಣಿತ ಇದೆ, ಹಾಸು ಹೊಕ್ಕಿನ ಲೆಕ್ಕ ನಾನು ಮಾಡಿಸುತ್ತೇನೆ ಬನ್ನಿ ಅನ್ನಬೇಕಿತ್ತು. ಹಾಗೆ ಹೇಳುವ ಧೈರ್ಯವನ್ನು ನನ್ನ ತರಬೇತಿ ನನಗೆ ಕೊಡಲಿಲ್ಲ.

ಹೊಸಹಲಗೆ

ಮೇಷ್ಟ್ರೇ, ನಿಮಗೆ ನಮಸ್ಕಾರ. ನಿಮ್ಮ ಮೊಮ್ಮಗಳಿಗೂ ಥ್ಯಾಂಕ್ಸ್. ಒಂದು ವಿಷಯ ಇಲ್ಲಿ ಸೇರಿಸುತ್ತೇನೆ. 1986ರ ನೀತಿಯ ನಂತರ ಜಿಲ್ಲೆಗೊಂದು ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಬಂತಲ್ಲ, ಅದರ ಮೂಲ ಯೋಜನೆಯಲ್ಲಿ ಏಳು ವಿಭಾಗ ಇದ್ದವು. ಅದರಲ್ಲಿ ಒಂದು ಪೂರ್ತಿ ಕಾರ್ಯಾನುಭವಕ್ಕೆ. ಅಂದರೆ ಜಿಲ್ಲೆಯ ಟೀಚರುಗಳಿಗೆ ಕೈಕೆಲಸ ಕಲಿಸಲೆಂದೇ ಒಂದು ಜಾಗ ಕಾಗದದ ಮೇಲೆ ಇತ್ತು. ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಆ ಕೋಣೆಯಲ್ಲಿ ಈಗ ಏನಿದೆ ಅಂತ ಯಾರಾದರೂ ನೋಡಿ ಹೇಳುತ್ತೀರಾ?

ನಮ್ಮ ಬಿ.ಎಡ್.ನದ್ದೂ ಅದೇ ಕಥೆ. ಎನ್‌ಸಿಟಿಇ, ಅಂದರೆ ಟೀಚರ್ ಶಿಕ್ಷಣದ ರಾಷ್ಟ್ರೀಯ ಮಂಡಳಿ, 2014ರಲ್ಲಿ ತಂದ ನಿಯಮದಲ್ಲಿ ಕೋರ್ಸ್ ಎರಡು ವರ್ಷ ಆಯಿತು, ಇಂಟರ್ನ್‌ಶಿಪ್ ಜಾಸ್ತಿ ಆಯಿತು. ಒಳ್ಳೆಯದೇ. ಓದುವುದು, ನಾಟಕ ಮತ್ತು ಕಲೆ, ಕಂಪ್ಯೂಟರ್, ತನ್ನನ್ನು ತಾನು ಅರಿಯುವುದು, ಇವಕ್ಕೆಲ್ಲ ಬೇರೆ ಬೇರೆ ಜಾಗ ಸಿಕ್ಕಿತು. ಕೈಕೆಲಸ ಮಾತ್ರ ಐಚ್ಛಿಕ ಪಟ್ಟಿಯ ಒಂದು ಮೂಲೆಯಲ್ಲಿ ಉಳಿಯಿತು.

ಸಂತೆಬೀದಿ

ಮೇಡಂ ಹೇಳಿದ ಆಟೊಮೊಬೈಲ್ ಕ್ಲಾಸಿನ ಟ್ರೇನರ್ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ನಾನು ಅದೇ ಯೋಜನೆಯಲ್ಲಿ ಇನ್ನೊಂದು ಹೈಸ್ಕೂಲಿನಲ್ಲಿ ರಿಟೇಲ್ ಹೇಳಿಕೊಡುತ್ತೇನೆ. ಗೊತ್ತಿಲ್ಲದವರಿಗೆ: ಎನ್‌ಎಸ್‌ಕ್ಯುಎಫ್ ಅಂತ, ಶಾಲೆಯಲ್ಲೇ ವೃತ್ತಿ ಕೌಶಲ ಕಲಿಸುವುದು, ಒಂಬತ್ತನೇ ಕ್ಲಾಸಿನಿಂದ ಶುರು. ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಬದಲು ಈ ವಿಷಯ ತೆಗೆದುಕೊಳ್ಳಬಹುದು.

ನಮ್ಮನ್ನು ಏಜೆನ್ಸಿ ಮೂಲಕ ತೆಗೆದುಕೊಳ್ಳುತ್ತಾರೆ. ಪ್ರತಿ ವರ್ಷ ಮುಂದುವರಿಸುತ್ತಾರೋ ಇಲ್ಲವೋ ಅಂತ ಕಾಯಬೇಕು. ಒಂದು ವರ್ಷ ನನಗೆ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಸ್ಟಾಫ್ ಮೀಟಿಂಗಿಗೆ ಕರೆಯುವುದಿಲ್ಲ. ಮಕ್ಕಳು ಬೇರೆಯವರಿಗೆಲ್ಲ ಟೀಚರ್ ಅನ್ನುತ್ತಾರೆ, ನನಗೆ ಮೊದಲು "ರಿಟೇಲ್ ಅಕ್ಕ" ಅನ್ನುತ್ತಿದ್ದರು. ಅಕ್ಕ ಅಂದದ್ದು ನನಗೆ ಇಷ್ಟವೇ ಆಯಿತು, ಆದರೂ ಯಾಕೆ ಅಂತ ಅರ್ಥ ಆಗಿತ್ತು.

ನನಗೆ ಕೆಲಸ ಶುರು ಮಾಡುವ ಮೊದಲು ಸಿಕ್ಕ ತರಬೇತಿ ಕೆಲವೇ ದಿನ. ಅದರಲ್ಲಿ ಜಾಸ್ತಿ ಹೊತ್ತು ಹಾಜರಿ, ಫೋಟೊ ಅಪ್‌ಲೋಡ್ ಮಾಡುವುದು ಹೇಗೆ ಅನ್ನುವುದೇ. ಕ್ಲಾಸಿನಲ್ಲಿ ಮೊದಲ ತಿಂಗಳು ನಾನೂ ನೋಟ್ಸೇ ಬರೆಸಿದೆ. ಮೇಡಂ ನೋಡಿದ ಟ್ರೇನರ್ ಬಗ್ಗೆ ಕೋಪ ಬೇಡ ಅಂತ ಕೇಳಿಕೊಳ್ಳುತ್ತೇನೆ. ನೋಟ್ಸ್ ಬರೆಸುವುದು ಸೋಮಾರಿತನ ಅಲ್ಲ, ಭಯ.

ನನ್ನ ಭಯ ಹೋದದ್ದು ಒಂದು ಸೋಮವಾರ. ನಮ್ಮೂರ ಸಂತೆ ದಿನ. ಅರ್ಧ ಕ್ಲಾಸ್ ಗೈರು. ಬೈಯುವ ಬದಲು ಉಳಿದ ಮಕ್ಕಳನ್ನು ಕರೆದುಕೊಂಡು ಹೆಡ್‌ಮಾಸ್ಟರ್ ಒಪ್ಪಿಗೆ ಪಡೆದು ಸಂತೆಗೇ ಹೋದೆ. ಗೈರಾದ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಸೊಪ್ಪು ಮಾರುತ್ತಿದ್ದಳು. ಪುಸ್ತಕದಲ್ಲಿ ಇರುವ ಗಿರಾಕಿಯನ್ನು ಮಾತಾಡಿಸುವ ರೀತಿ, ಮಾಲು ಜೋಡಿಸುವುದು, ದಿನದ ಕೊನೆಗೆ ಉಳಿದದ್ದಕ್ಕೆ ಬೆಲೆ ಇಳಿಸುವುದು, ಎಲ್ಲ ಅವಳ ಮುಂದೆ ನಡೆಯುತ್ತಿತ್ತು. ಬಾಡಿದ ಕಟ್ಟನ್ನು ಕೆಳಗೆ ಇಟ್ಟು ಮೇಲಿನ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ಗಣಿತದಲ್ಲಿ ಅವಳು ಸಿ ಗ್ರೇಡ್. ಅಲ್ಲಿ ಐದು ಕಟ್ಟು, ಮೂರು ತರಹದ ಬೆಲೆ, ಇನ್ನೂರರ ನೋಟಿಗೆ ಚಿಲ್ಲರೆ, ಎಲ್ಲ ಬಾಯಲ್ಲೇ.

ಮಂಗಳವಾರ ಕ್ಲಾಸ್ ತೆಗೆದುಕೊಂಡದ್ದು ಅವಳೇ. ನಾನು ಬೆಂಚಿನ ಮೇಲೆ ಕೂತಿದ್ದೆ.

ಅಡಿಟಿಪ್ಪಣಿ

ಸಂತೆಬೀದಿಯವರೇ, ನೀವು ಒಂದು ದೊಡ್ಡ ಸಂಶೋಧನೆಯ ಬಾಗಿಲು ತಟ್ಟಿದ್ದೀರಿ.

ಬ್ರೆಜಿಲಿನ ರೆಸಿಫೆ ನಗರದಲ್ಲಿ ಮೂವರು ಸಂಶೋಧಕರು ಬೀದಿಯಲ್ಲಿ ಮಾರುವ ಮಕ್ಕಳ ಹತ್ತಿರ ಗಿರಾಕಿಗಳ ಹಾಗೆ ಹೋದರು. 1985ರಲ್ಲಿ ಅದು ಪ್ರಕಟವಾಯಿತು. ಮಕ್ಕಳು ಐದೇ ಜನ, ಆದರೆ ಲೆಕ್ಕಗಳು ಹಲವು. ವ್ಯಾಪಾರ ಮಾಡುವಾಗ ಶೇ 98 ಸರಿ. ಅದೇ ಅಂಕಿಗಳನ್ನು ಕಾಗದದ ಮೇಲೆ ಬರೀ ಕೂಡುವ ಗುಣಿಸುವ ಲೆಕ್ಕವಾಗಿ ಕೊಟ್ಟರೆ ಶೇ 37. ಎಳನೀರಿನಂಥ ಒಂದು ಉದಾಹರಣೆ ನನಗೆ ಬಲು ಇಷ್ಟ. 12 ವರ್ಷದ ಹುಡುಗ ತೆಂಗಿನಕಾಯಿ ಮಾರುತ್ತಿದ್ದಾನೆ, ಒಂದಕ್ಕೆ 35. ಹತ್ತು ಬೇಕು ಅಂದರು. ನಾವಾದರೆ ಸೊನ್ನೆ ಸೇರಿಸುತ್ತೇವೆ. ಅವನು ಮೂರು ಕಾಯಿಗೆ 105 ಅಂತ ಶುರು ಮಾಡಿದ. ಇನ್ನು ಮೂರಕ್ಕೆ 210. ಇನ್ನು ಮೂರಕ್ಕೆ 315. ಉಳಿದ ಒಂದು ಸೇರಿಸಿ 350. ಮೂರು ಕಾಯಿ ಅವನಿಗೆ ದಿನಾ ಮಾರಿ ಗೊತ್ತಿದ್ದ ಗುಂಪು.

ನಮ್ಮ ದೇಶದ್ದೂ ಇದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಯವರು ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,400ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2025ರಲ್ಲಿ ಬರೆದರು. ಅಂಗಡಿಯಲ್ಲಿ ಕಷ್ಟದ ಲೆಕ್ಕ ಸಲೀಸಾಗಿ ಮಾಡುವವರು ಪುಸ್ತಕದ ಸುಲಭ ಲೆಕ್ಕಕ್ಕೆ ತಡವರಿಸಿದರು. ಇದಕ್ಕಿಂತ ಮುಖ್ಯವಾದ ಇನ್ನೊಂದು ಅರ್ಧ ಇದೆ. ಬರೀ ಶಾಲೆಗೆ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ಆದರೆ ಮಾರುಕಟ್ಟೆಯ ಲೆಕ್ಕಕ್ಕೆ ಕೈ ಚೆಲ್ಲಿದರು. ಸೇತುವೆ ಎರಡೂ ಕಡೆಯಿಂದ ಮುರಿದಿದೆ. ಆ ಸೊಪ್ಪಿನ ಹುಡುಗಿ ಮಂಗಳವಾರ ಪಾಠ ಮಾಡಿದ್ದರ ಜೊತೆ, ಬುಧವಾರ ಗಣಿತದ ಮೇಷ್ಟ್ರು ಅವಳ ಬಾಯಿ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದಿದ್ದರೆ?

ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಧಾರಾವಿಯ ಮಕ್ಕಳ ಜೊತೆ ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ, ಆಸಕ್ತಿ ಇದ್ದವರು ಹುಡುಕಿ ಓದಿ.

ನೆಕ್ಕಾರ್_ತೀರ

ಸ್ಟುಟ್‌ಗಾರ್ಟಿನಿಂದ ಬರೆಯುತ್ತಿದ್ದೇನೆ. ಊರು ಹಾಸನದ ಕಡೆ. ಇಲ್ಲಿ ಒಂದು ಯಂತ್ರ ಬಿಡಿಭಾಗದ ಕಂಪನಿಯಲ್ಲಿ ಇದ್ದೇನೆ.

ಜರ್ಮನಿಯ ವೃತ್ತಿ ಶಿಕ್ಷಣವನ್ನು ಎಲ್ಲರೂ ಹೊಗಳುತ್ತಾರೆ. ಹುಡುಗರು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಮೂರು, ಮೂರೂವರೆ ವರ್ಷ ಕಲಿಯುತ್ತಾರೆ, ವಾರಕ್ಕೆ ಒಂದೆರಡು ದಿನ ವೃತ್ತಿ ಶಾಲೆ, ಉಳಿದ ದಿನ ಕೆಲಸ. ಸಂಬಳವೂ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಮೇಡಂ ಪ್ರಶ್ನೆಗೆ ಸಂಬಂಧಪಟ್ಟದ್ದು ಬೇರೆ. ಕಂಪನಿಯೊಳಗೆ ಹುಡುಗರಿಗೆ ಕಲಿಸುವ ಜವಾಬ್ದಾರಿ ಹೊರುವವರು ಒಂದು ಪರೀಕ್ಷೆ ಪಾಸಾಗಬೇಕು. ಎಷ್ಟೇ ಅನುಭವ ಇರಲಿ. ಬರವಣಿಗೆ ಇದೆ, ಜೊತೆಗೆ ಒಂದು ಸಣ್ಣ ಕೆಲಸವನ್ನು ಕಲಿಸಿ ತೋರಿಸಬೇಕು, ಯಾಕೆ ಹಾಗೆ ಕಲಿಸಿದೆ ಅಂತ ವಿವರಿಸಬೇಕು. ನಾನೂ ಪಾಸಾದೆ. ಅರ_ಮತ್ತು_ವೈಸ್ ಸರ್ ಒದ್ದಾಡಿದ ಹಾಗೇ ಒದ್ದಾಡಿದೆ.

2003ರಲ್ಲಿ ಆ ನಿಯಮವನ್ನು ಸ್ವಲ್ಪ ಕಾಲ ತಡೆಹಿಡಿದರು. ಪರೀಕ್ಷೆ ಇಲ್ಲದಿದ್ದರೆ ಇನ್ನೂ ಹೆಚ್ಚು ಕಂಪನಿಗಳು ಹುಡುಗರನ್ನು ತೆಗೆದುಕೊಳ್ಳುತ್ತವೆ ಅಂತ ಲೆಕ್ಕ. ಕಲಿಕೆಯ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದು 2009ರಲ್ಲಿ ಮತ್ತೆ ತಂದರು. ಇಷ್ಟು ಹಳೆಯ ವ್ಯವಸ್ಥೆ ಇರುವ ದೇಶವೂ ಕಲಿಸುವವರ ತರಬೇತಿ ಬಿಟ್ಟು ನೋಡಿ, ಆಗದೆ ಹಿಂದಕ್ಕೆ ಬಂತು.

ಎರಡನೇ_ಬೆಂಚ್ ಅವರ ಮಾತು ಇಲ್ಲಿಗೂ ಸಲ್ಲುತ್ತದೆ. ನಾಲ್ಕನೇ ಕ್ಲಾಸ್ ಮುಗಿದ ಮೇಲೆ ಮಕ್ಕಳನ್ನು ಬೇರೆ ಬೇರೆ ತರಹದ ಶಾಲೆಗೆ ಹಾಕುತ್ತಾರೆ. ಹತ್ತು ವರ್ಷದ ಮಗು. ನನ್ನ ಮಗಳ ಸಲ ನಾವು ಅನುಭವಿಸಿದ ಆತಂಕ ಹೇಳತೀರದು. ಇಲ್ಲಿಯ ಟ್ರೇನರ್ ಪರೀಕ್ಷೆ ತೆಗೆದುಕೊಳ್ಳಿ, ಆ ವಿಂಗಡಣೆ ಬೇಡ.

ಘಟಪ್ರಭಾ_ದಡ

ಪುಣೆ ಜಿಲ್ಲೆಯ ಪಾಬಳ ಅನ್ನುವ ಹಳ್ಳಿಗೆ ಹೋಗಿದ್ದೆ, ವಿಜ್ಞಾನ ಆಶ್ರಮ ನೋಡಲು. ಡಾ. ಕಲಬಾಗ್ ಅಂತ ದೊಡ್ಡ ಕಂಪನಿಯಲ್ಲಿದ್ದ ವಿಜ್ಞಾನಿ ಕೆಲಸ ಬಿಟ್ಟು ಬಂದು 1983ರಲ್ಲಿ ಕಟ್ಟಿದ್ದು. 8ರಿಂದ 10ನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೆ ಒಂದು ದಿನ ಪೂರ್ತಿ ಕೆಲಸ. ವೆಲ್ಡಿಂಗು, ಕಟ್ಟಡ ಇರುವ ಎಂಜಿನಿಯರಿಂಗ್ ಒಂದು, ವಿದ್ಯುತ್ತು ಪರಿಸರ ಒಂದು, ಬೇಸಾಯ ಮತ್ತು ಪಶುಪಾಲನೆ ಒಂದು, ಅಡುಗೆ ಆರೋಗ್ಯ ಒಂದು. ನಾಲ್ಕೂ ಎಲ್ಲರಿಗೂ. ಹುಡುಗಿ ವೆಲ್ಡ್ ಮಾಡುತ್ತಾಳೆ, ಹುಡುಗ ಅಡುಗೆ ಮಾಡುತ್ತಾನೆ. ಒಂದೇ ಕಸುಬಿಗೆ ಕಟ್ಟಿಹಾಕುವುದಿಲ್ಲ, ಎರಡನೇ_ಬೆಂಚ್ ಅವರು ಇದನ್ನು ಗಮನಿಸಬೇಕು ಅನಿಸಿತು. ಮಹಾರಾಷ್ಟ್ರದ ಬೋರ್ಡ್ ಅದನ್ನು ವಿಷಯವಾಗಿ ಒಪ್ಪಿಕೊಂಡಿದೆ.

ಕಲಿಸುವವರು ಅದೇ ಸುತ್ತಿನ ಕೆಲಸಗಾರರು. ಅಲ್ಲಿ ಮಕ್ಕಳು ಊರಿನವರಿಗೆ ಬೇಕಾದದ್ದನ್ನೇ ಮಾಡಿಕೊಡುತ್ತಾರೆ. ತಪ್ಪಾದರೆ ಊರವರೇ ಹೇಳುತ್ತಾರೆ.

ಎರಡನೇ_ಬೆಂಚ್

ನಾಲ್ಕೂ ಎಲ್ಲರಿಗೂ ಅನ್ನುವುದು ಸರಿ ಇದೆ. ಅದಾದರೆ ನನ್ನ ಮಗಳನ್ನೂ ಕಳಿಸುತ್ತೇನೆ. ನಮ್ಮಪ್ಪ ಇದ್ದಿದ್ದರೆ ಅವರನ್ನೇ ಕಲಿಸಲು ಕರೆಯುತ್ತಿದ್ದೆ, ಟೀಚರ್ ಅಂತ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ, ಸಂಬಳ ಕೊಡಿಸಿ.

ಹೊಸಹಲಗೆ

ನಿಮ್ಮ ಈ ಸಾಲು ನನ್ನ ಸಂಶೋಧನೆಯ ಮೊದಲ ಪುಟದಲ್ಲಿ ಇರುತ್ತದೆ, ನೀವು ಒಪ್ಪಿದರೆ.

ಒಂದು ಯೋಚನೆ ಬಂದಿದೆ. ಅರ_ಮತ್ತು_ವೈಸ್ ಸರ್, ನಮ್ಮ ಕಾಲೇಜಿನಿಂದ ನಿಮ್ಮ ಐಟಿಐಗೆ ಮುಕ್ಕಾಲು ಗಂಟೆ ದಾರಿ. ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಒಂದು ದಿನ ಕರೆದುಕೊಂಡು ಬರಲೇ?

ಅರ_ಮತ್ತು_ವೈಸ್

ಮೇಡಂ, ಒಂದು ದಿನ ಬರುವುದಾದರೆ ಬೇಡ. ಬೇಜಾರು ಮಾಡಿಕೊಳ್ಳಬೇಡಿ. ಒಂದು ದಿನ ಬಂದವರು ಮೆಷಿನ್ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆರು ಶನಿವಾರ ಬನ್ನಿ. ಒಬ್ಬರಿಗೆ ಒಂದು ತುಂಡು ಕೊಡುತ್ತೇನೆ. ಮುಗಿಸಿಯೇ ಹೋಗಬೇಕು.

ಅಡಿಟಿಪ್ಪಣಿ

ಆರು ಶನಿವಾರ ಅಂದದ್ದು ಸರಿ. ಯಾವುದರಿಂದ ಶುರು ಅನ್ನುವುದೂ ಮುಖ್ಯ. ಜೀನ್ ಲೇವ್ ಅನ್ನುವ ಮಾನವಶಾಸ್ತ್ರಜ್ಞೆ ಪಶ್ಚಿಮ ಆಫ್ರಿಕದ ಲೈಬೀರಿಯಾದಲ್ಲಿ ಟೈಲರುಗಳ ಹತ್ತಿರ ಕಲಿಯುವ ಹುಡುಗರನ್ನು ನೋಡಿದರು. ಅಲ್ಲಿ ಕಲಿಕೆ ಉಲ್ಟಾ ನಡೆಯುತ್ತದೆ. ಮೊದಲು ಗುಂಡಿ, ಹೆಮ್ಮಿಂಗ್. ಆಮೇಲೆ ಹೊಲಿಗೆ. ಬಟ್ಟೆ ಕತ್ತರಿಸುವುದು ಕೊನೆಗೆ. ನಮ್ಮೂರ ಟೈಲರ್ ಅಂಗಡಿಯಲ್ಲೂ ಹೊಸ ಹುಡುಗನಿಗೆ ಕಾಜಾ ಗುಂಡಿಯೇ ಮೊದಲು, ಅಲ್ವಾ? ಗುಂಡಿ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಜೊತೆಗೆ ಮುಗಿದ ಅಂಗಿ ದಿನಾ ಕೈಯಲ್ಲಿ ಹಾದುಹೋಗುವುದರಿಂದ ಅಂಗಿ ಹೇಗಿರಬೇಕು ಅಂತ ಮೊದಲೇ ಗೊತ್ತಾಗುತ್ತದೆ. ಪುಸ್ತಕದ ಹೊಲಿಗೆ ಪಾಠವೋ ಹೊಲಿಗೆ ಮೆಷಿನ್ನಿನ ಇತಿಹಾಸದಿಂದ ಶುರುವಾಗುತ್ತದೆ.

ಹೊಸಹಲಗೆ (ಎರಡು ತಿಂಗಳ ನಂತರ)

ಹನ್ನೊಂದು ಮಂದಿ ಹೋದೆವು, ನಾನೂ ಸೇರಿ ಹನ್ನೆರಡು. ಮೂರನೇ ಶನಿವಾರಕ್ಕೆ ಇಬ್ಬರು ಬರಲಿಲ್ಲ. ಉಳಿದವರು ಕೊನೆಯವರೆಗೂ ಬಂದರು.

ಮೊದಲ ದಿನ ಎಲ್ಲರಿಗೂ ಅಂಗೈಯಲ್ಲಿ ಬೊಕ್ಕೆ. ನನ್ನ ತುಂಡಿನಲ್ಲಿ ಬೆಳಕು ಇಣುಕುವುದು ನಾಲ್ಕನೇ ವಾರದವರೆಗೂ ನಿಲ್ಲಲಿಲ್ಲ. ಸರ್ ಐಟಿಐನ ಮೊದಲ ವರ್ಷದ ಹುಡುಗನೊಬ್ಬನನ್ನು ನನ್ನ ಪಕ್ಕ ನಿಲ್ಲಿಸಿದ್ದರು. ಹದಿನೇಳು ವರ್ಷ ಇರಬೇಕು. ಅವನು ನನ್ನ ಕೈ ನೋಡದೆ ನನ್ನ ಕಾಲು ನೋಡಿದ. "ಮೇಡಂ, ಎಡಗಾಲು ಮುಂದೆ ಇಡಿ, ನಿಂತಿರೋದೇ ತಪ್ಪು" ಅಂದ. ಐದನೇ ವಾರ ಬೆಳಕು ಒಂದು ಬದಿಯಲ್ಲಿ ನಿಂತಿತು.

ಆ ಅವಲೋಕನ ಹಾಳೆ ಬರೆದಿದ್ದ ಹುಡುಗಿಯೂ ಬಂದಿದ್ದಳು. ಅವಳ ಡೈರಿಯಿಂದ, ಅವಳನ್ನು ಕೇಳಿಯೇ, ಎರಡು ಸಾಲು ಹಾಕುತ್ತಿದ್ದೇನೆ: "ಇವತ್ತು ನಾನು ಮೂರು ಸಲ ಅನುಮತಿ ಕೇಳದೆ ಎದ್ದುಹೋಗಿ ಪಕ್ಕದವರ ತುಂಡು ನೋಡಿದೆ. ನೋಡದೆ ಇದ್ದಿದ್ದರೆ ನನ್ನದು ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಿರಲಿಲ್ಲ."

ಹಾಳೆಗೆ ಹೊಸ ಕಾಲಂ ಸೇರಿಸಿದ್ದೇವೆ. ಸಂತೆಬೀದಿಯವರನ್ನು ಕಾಲೇಜಿಗೆ ಕರೆಸಿ ಒಂದು ಪೂರ್ತಿ ಮಧ್ಯಾಹ್ನ ಪಾಠ ಮಾಡಿಸಿದೆವು. ಬಂದು ಹೋಗುವ ಖರ್ಚು ಮತ್ತು ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಡಬೇಕು ಅಂತ ಆಫೀಸಿನಲ್ಲಿ ಹಟ ಹಿಡಿದೆ, ಒಪ್ಪಿದರು.

ಸಂತೆಬೀದಿ

ಆ ಮಧ್ಯಾಹ್ನ ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ "ಸಂಪನ್ಮೂಲ ವ್ಯಕ್ತಿ" ಅಂತ ಬರೆದಿದ್ದರು. ಅದರ ಫೋಟೊ ಮನೆಯವರಿಗೆ ಕಳಿಸಿದೆ. ಸೊಪ್ಪಿನ ಹುಡುಗಿ ಈಗ ಹತ್ತನೇ ಕ್ಲಾಸ್. ಗಣಿತದ ಮೇಷ್ಟ್ರು ಸೋಮವಾರದ ಸಂತೆ ಲೆಕ್ಕವನ್ನು ವಾರಕ್ಕೊಂದು ಸಲ ಬೋರ್ಡಿಗೆ ತರುತ್ತಿದ್ದಾರೆ.

ತಕಲಿ_ಮೇಷ್ಟ್ರು

ಮೇಡಂ, ನನ್ನ ಹತ್ತಿರ ಇನ್ನೂ ಎರಡು ತಕಲಿ ಇವೆ. ಸಣ್ಣ ಮಗ್ಗವೂ ಅಟ್ಟದ ಮೇಲಿದೆ. ಹೊಗೆ ಹಿಡಿದಿದೆ, ಆದರೆ ಅಚ್ಚು ಮುರಿದಿಲ್ಲ. ಬೇಕಾದರೆ ಹೇಳಿ, ನಾನೇ ಬಂದು ಹಾಸು ಹೂಡಿಕೊಡುತ್ತೇನೆ. ಮಂಡಿ ನೋವಿದೆ, ಕೆಳಗಿನ ಮಹಡಿಯಲ್ಲಿ ಕೋಣೆ ಇರಲಿ.

ಅರ_ಮತ್ತು_ವೈಸ್

ನಿಮ್ಮ ಹತ್ತೂ ಜನರ ತುಂಡು ನನ್ನ ಕಪಾಟಿನಲ್ಲಿವೆ, ಎಲ್ಲದರ ಮೇಲೂ ನಂಬರ್ ಪಂಚ್ ಮಾಡಿದ್ದೇನೆ. ಮುಂದಿನ ಬ್ಯಾಚಿಗೆ ಯಾರದು ಎಲ್ಲಿ ಇಳಿದಿದೆ ಅಂತ ತೋರಿಸಲು ಬೇಕು, ಅದಕ್ಕೆ ವಾಪಸ್ ಕೊಡುವುದಿಲ್ಲ. ಹೊಸ ಬ್ಯಾಚ್ ಯಾವ ಶನಿವಾರದಿಂದ ಅಂತ ತಿಳಿಸಿ. ಎಲ್ಲರೂ ಶೂ ಹಾಕಿಕೊಂಡು ಬರಲಿ. ದುಪಟ್ಟಾ, ಸೀರೆ ಸೆರಗು ಬಿಗಿಯಾಗಿ ಕಟ್ಟಿಕೊಂಡಿರಬೇಕು. ಡ್ರಿಲ್ಲಿಂಗ್ ಮೆಷಿನ್ ಪಕ್ಕದಲ್ಲೇ ಇದೆ.